ರೆಪ್ಪೆಗೆ ನಿಲ್ಲದ್ದು

ಮುರಿದ ಕಾಲನ್ನು ಎತ್ತಿ ಹಿಡಿದು ಎಳೆಯುವುದು ಮಕ್ತುಮ್ ಸಾಬನ ಕೆಲಸ. ದಾವಣಗೆರೆಯ ಆ ಮೂಳೆ ಆಸ್ಪತ್ರೆಯಲ್ಲಿ ಅವನ ಹೆಸರು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. "ಕಾಲು ಹಿಡಿಯೋನನ್ನ ಕರೀರಿ" ಎಂದರೆ ಅವನು ಓಡಿ ಬರಬೇಕು.

ಕಾಲು ಎಂದರೆ ಹಗುರದ ಮಾತಲ್ಲ. ಲಾರಿಯಿಂದ ಬಿದ್ದ ಹಮಾಲರ ಕಾಲು, ಬೈಕು ಗುದ್ದಿಕೊಂಡ ಹುಡುಗರ ಕಾಲು, ಬಚ್ಚಲಲ್ಲಿ ಜಾರಿದ ಮುದುಕಿಯರ ಕಾಲು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಯಾರ ಕಾಲಾದರೂ ಹೆಣದಷ್ಟು ಭಾರ. ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಗೆ ಆನಿಸಿಕೊಂಡು, ಹಿಂದಕ್ಕೆ ವಾಲಿ ಎಳೆಯಬೇಕು. ಡಾಕ್ಟರು ಮೂಳೆಯೊಳಗೆ ರಾಡು ಇಳಿಸಿ ಮುಗಿಸುವವರೆಗೆ ಬಿಡುವಂತಿಲ್ಲ. ಬೆವರು ಕಣ್ಣಿಗಿಳಿದರೂ ಒರೆಸುವಂತಿಲ್ಲ. ಇಷ್ಟನ್ನೂ ಮಾಡುವ ಮೇಜು ಮಾರುಕಟ್ಟೆಯಲ್ಲಿ ಸಿಗುತ್ತದೆ. ಕಾಲನ್ನು ಅದಕ್ಕೆ ಕಟ್ಟಿ ತಿರುಪು ತಿರುಗಿಸಿದರೆ ಸಾಕು. ಆದರೆ ಮೇಜಿಗೆ ದುಡ್ಡು ಸುರಿಯಬೇಕು. ಮಕ್ತುಮ್ ಸಾಬ ಅಗ್ಗಕ್ಕೆ ಸಿಕ್ಕಿದ್ದ.

ಮೂಳೆ ಕೂತಿತೋ ಇಲ್ಲವೋ ನೋಡಲು ಆಪರೇಷನ್ ಮೇಜಿನ ಸುತ್ತ ಅರ್ಧ ಬಳೆಯಂತೆ ಬಾಗಿದ ಎಕ್ಸ್-ರೇ ಯಂತ್ರವಿತ್ತು. ಡಾಕ್ಟರು ಕಾಲಿನಿಂದ ಪೆಡಲ್ ಒತ್ತಿದರೆ ಪೀಂ ಎಂದು ಸದ್ದಾಗಿ ಒಳಗಿನ ಮೂಳೆ ಪರದೆಯ ಮೇಲೆ ಮೂಡುತ್ತಿತ್ತು. ಒತ್ತುತ್ತಿದ್ದರು, ನೋಡುತ್ತಿದ್ದರು, ಸುತ್ತಿಗೆ ಬಡಿಯುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ಕೆಲವು ಸಲ ರೋಗಿಯ ಮೂಳೆಯ ಪಕ್ಕದಲ್ಲಿ ಮಕ್ತುಮ್ ಸಾಬನ ಬೆರಳುಗಳ ಮೂಳೆಯೂ ಮೂಡುತ್ತಿತ್ತು. "ಕೈ ಸರಿಸಲೇ, ಚಿತ್ರ ಕೆಡುತ್ತೆ" ಎಂದು ಡಾಕ್ಟರು ಗದರುತ್ತಿದ್ದರು. ಅವರಿಗೆ ಚಿತ್ರದ ಚಿಂತೆ.

ಆ ತೋಳಿನ ಬಲ ಅಪ್ಪನಿಂದ ಬಂದದ್ದು. ಹರಿಹರದ ಪಿಂಜಾರ ಮನೆತನ. ಹತ್ತಿ ಹಿಂಜಿ, ಗಾದಿ ಹೊಲಿದು ಬದುಕಿದವರು. ಅಂಗಡಿಗಳಿಗೆ ಫೋಮಿನ ಗಾದಿ ಬಂದವು, ಹಿಂಜುವ ಬಿಲ್ಲು ಅಟ್ಟ ಸೇರಿತು. ಮಕ್ತುಮ್ ಸಾಬ ದಾವಣಗೆರೆಯ ಬಸ್ಸು ಹತ್ತಿದ. ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ಕೊಟ್ರೇಶ್ ಅವನ ಮುಂಗೈ ಒತ್ತಿ ನೋಡಿ, "ಸಾಕು ಬಿಡು, ನಾಳೆಯಿಂದ ಬಾ" ಎಂದಿದ್ದರು. ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿದ್ದರು.

ಆಪರೇಷನ್ನಿಗೆ ಮೊದಲು ಡಾಕ್ಟರಿಗೆ ಎಕ್ಸ್-ರೇ ಕಿರಣ ತಡೆಯುವ ಸೀಸದ ಏಪ್ರನ್ ತೊಡಿಸುವುದೂ ಅವನ ಪಾಲಿನದೇ. ನೆನೆದ ಕಂಬಳಿಯಷ್ಟು ಭಾರದ್ದು. ಬೆನ್ನ ಹಿಂದೆ ನಿಂತು ಪಟ್ಟಿ ಬಿಗಿಯಬೇಕು. ಕೊರಳಿಗೊಂದು ಪಟ್ಟಿ ಸುತ್ತಬೇಕು. ಕೊನೆಗೆ ದಪ್ಪ ಗಾಜಿನ ಕನ್ನಡಕವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕೊಡಬೇಕು. ಗೀರು ಬಿದ್ದರೆ ಬೈಗುಳ. ಇನ್ನೊಂದು ಏಪ್ರನ್ ಅರಿವಳಿಕೆ ಕೊಡುವ ಡಾಕ್ಟರಿಗೆ. ಮೂರನೆಯದು ಇರಲಿಲ್ಲ. ಡಾಕ್ಟರು ಪೆಡಲ್ ಒತ್ತುವ ಹೊತ್ತಿಗೆ ನರ್ಸ್ ಪೂಜಾ ಬಾಗಿಲ ಹಿಂದೆ ಸರಿಯುತ್ತಿದ್ದಳು. ಮಕ್ತುಮ್ ಸಾಬ ಎಲ್ಲಿಗೆ ಸರಿಯಬೇಕು? ಅವನ ಕೈಯಲ್ಲಿ ಕಾಲಿತ್ತು.

ಒಮ್ಮೆ ಕೇಳಿಯೂ ಇದ್ದ. "ನಂಗೂ ಒಂದು ತರಿಸ್ರಿ ಸರ್."

"ಅದನ್ನ ಹಾಕ್ಕೊಂಡು ಕಾಲು ಎಳೀತೀಯೇನೋ? ಬಗ್ಗಕ್ಕೇ ಬರಲ್ಲ. ನಿಂದು ಪಿಂಜಾರ ಮೈ, ಏನಾಗುತ್ತೆ ಅದಕ್ಕೆ?"

ಎಲ್ಲರೂ ನಕ್ಕರು. ಅವನೂ ನಕ್ಕ. ಸಂಬಳ ಕೊಡುವವರು ನಕ್ಕಾಗ ನಗದೆ ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

ಆಮೇಲೆ ಅವನೇ ಒಂದು ಉಪಾಯ ಹುಡುಕಿಕೊಂಡ. ಹರಿಹರದಲ್ಲಿ ಬೆಳೆದವನಿಗೆ ವೆಲ್ಡಿಂಗ್ ಗೊತ್ತು. ರಸ್ತೆ ಬದಿಯ ಶೆಡ್ಡುಗಳಲ್ಲಿ ಕಬ್ಬಿಣ ಬೆಸೆಯುವಾಗ ತಾಯಂದಿರು ಮಕ್ಕಳ ಕಣ್ಣಿಗೆ ಸೆರಗು ಅಡ್ಡ ಹಿಡಿದು ದಾಟಿಸುತ್ತಾರೆ. ಆ ಬೆಳಕು ನೋಡಿದರೆ ಕಣ್ಣಲ್ಲಿ ಮರಳು ಹೊಯ್ದಂತೆ ಉರಿಯುತ್ತದೆ. ನೋಡದಿದ್ದರೆ ಏನೂ ಇಲ್ಲ. ಇದೂ ಅಂಥದ್ದೇ ಇರಬೇಕು ಎಂದುಕೊಂಡ. ಡಾಕ್ಟರ ಪಾದ ಪೆಡಲಿನ ಕಡೆ ಸರಿದ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚುವುದು, ಪೀಂ ಸದ್ದು ನಿಂತ ಮೇಲೆ ತೆರೆಯುವುದು. ವರ್ಷಗಟ್ಟಲೆ ಹಾಗೇ ಮಾಡಿದ. ಒಂದು ಸಲವೂ ತಪ್ಪಲಿಲ್ಲ. ತನ್ನ ಕಣ್ಣನ್ನು ತಾನೇ ಕಾಪಾಡಿಕೊಂಡೆ ಎಂದು ಒಳಗೊಳಗೇ ಹೆಮ್ಮೆಪಟ್ಟ.

ಡಾಕ್ಟರು ಅದನ್ನೂ ನೋಡುತ್ತಿದ್ದರು. "ಬೇಷ್ ಸಾಬ್, ನಮಾಜಿಗೆ ನಿಂತಂಗೆ ನಿಂತಿದೀಯ. ಹಂಗೇ ಮುಚ್ಕೊಂಡಿರು" ಎನ್ನುತ್ತಿದ್ದರು.

ಮೊದಲು ಕೈಕೊಟ್ಟದ್ದು ದಬ್ಬಣ. ರಜೆಯ ದಿನ ಅವನು ಹಳೆಯ ಗಿರಾಕಿಗಳಿಗೆ ಗಾದಿ ಹೊಲಿದು ಕೊಡುತ್ತಿದ್ದ. ದಬ್ಬಣದ ತೂತು ಎಷ್ಟು ದೊಡ್ಡದು, ಅದಕ್ಕೂ ದಾರ ಪೋಣಿಸಲಾಗಲಿಲ್ಲ. ಹೆಂಡತಿ ಫಕ್ರುನ್ನೀಸಾ ಪೋಣಿಸಿ ಕೊಟ್ಟಳು. ಆಮೇಲೆ ಬಸ್ಸಿನ ಬೋರ್ಡು ಹೋಯಿತು. ಪಕ್ಕದವರನ್ನು ಕೇಳಿ ಹತ್ತತೊಡಗಿದ. ವಿಚಿತ್ರವೆಂದರೆ ಮಬ್ಬುಗತ್ತಲಲ್ಲಿ ಅಷ್ಟು ತೊಂದರೆಯಿಲ್ಲ. ಬಿಸಿಲಿಗೆ ಬಂದರೆ ಲೋಕವೆಲ್ಲ ಸುಣ್ಣದ ನೀರಿನಲ್ಲಿ ಮುಳುಗುತ್ತಿತ್ತು. ಎದುರಿಗೆ ಬಂದವರು ದನಿ ಮಾಡುವ ತನಕ ಯಾರೆಂದು ತಿಳಿಯುತ್ತಿರಲಿಲ್ಲ. ವಯಸ್ಸು ಇನ್ನೂ ನಲವತ್ತರ ಆಸುಪಾಸು.

ಆಪರೇಷನ್ ಕೋಣೆಯ ದೊಡ್ಡ ದೀಪವೂ ಬಿಸಿಲಿನ ಥರದ್ದೇ. ಒಂದು ದಿನ ಡಾಕ್ಟರು ಪಾದವನ್ನು ಒಳಕ್ಕೆ ತಿರುಗಿಸು ಎಂದು ಕೈಸನ್ನೆ ಮಾಡಿದರು. ಕಾಣದೆ ಹೊರಕ್ಕೆ ತಿರುಗಿಸಿಬಿಟ್ಟ. ಕೂತಿದ್ದ ಮೂಳೆ ಕಳಚಿತು.

"ಕಣ್ಣು ಕಾಣಲ್ವೇನಲೇ ನಿಂಗೆ?"

"ಇಲ್ರಿ ಸರ್. ಕಾಣಂಗಿಲ್ಲ."

ಸಂಜೆ ಅವನನ್ನು ಕೋಣೆಗೆ ಕರೆಸಿ, ನಿಲ್ಲಿಸಿಕೊಂಡೇ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು.

"ಪೊರೆ ಬಂದೈತೆ. ಸಕ್ಕರೆ ಐತೇನು?"

"ಇಲ್ರಿ."

"ಬೀಡಿ?"

"ಸೇದಂಗಿಲ್ರಿ."

"ಹತ್ತಿ ಧೂಳು ಕಣ್ಣಿಗೆ ಹೊಡೆದಿರುತ್ತೆ ಬಿಡು. ನಿಮ್ಮ ಕಸುಬೇ ಹಂಗಲ್ಲ." ಟಾರ್ಚು ಆರಿಸಿದರು. "ಇನ್ನು ನಿನ್ನ ಕೈಲಿ ಆಗಲ್ಲ. ಮಗ ಅದಾನಲ್ಲ, ಸೋಮವಾರದಿಂದ ಅವನನ್ನ ಕಳಿಸು. ನಿನ್ನ ಜಾಗ ನಿಮ್ಮ ಮನೇಲೇ ಉಳೀಲಿ. ನಾನೇನು ಹೊರಗಿನವನಾ ನಿಂಗೆ?"

ಮಕ್ತುಮ್ ಸಾಬ ಎರಡೂ ಕೈ ಮುಗಿದ. ಮಗ ಅರ್ಬಾಜ್ ಐಟಿಐ ಮುಗಿಸಿ ಹರಿಹರದ ಫ್ಯಾಕ್ಟರಿ ಗೇಟುಗಳನ್ನೆಲ್ಲ ಸುತ್ತಿ ಸುಸ್ತಾಗಿದ್ದ. ಅಂಥದ್ದರಲ್ಲಿ ಕೆಲಸ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಫಕ್ರುನ್ನೀಸಾ ಶಾವಿಗೆ ಪಾಯಸ ಮಾಡಿ ಅಕ್ಕಪಕ್ಕದವರಿಗೂ ಕೊಟ್ಟಳು. ಡಾಕ್ಟರ ಮಕ್ಕಳುಮರಿ ಚೆನ್ನಾಗಿರಲಿ ಎಂದು ದುವಾ ಮಾಡಿದಳು.

ಮಗನಿಗೆ ಮನೆಯಲ್ಲೇ ಪಾಠ ಶುರುವಾಯಿತು. ಒಂದು ಗಾದಿಯನ್ನು ಸುರುಳಿ ಸುತ್ತಿ ಹಗ್ಗ ಬಿಗಿದು, ಅದೇ ಕಾಲು ಎಂದ. "ತೋಳಿನಿಂದ ಎಳೀಬ್ಯಾಡ, ಸೊಂಟದಿಂದ ಎಳಿ. ಮಂಡಿ ಸ್ವಲ್ಪ ಬಗ್ಗಿರಲಿ. ಡಾಕ್ಟ್ರ ಕಾಲು ಪೆಡಲ್ ಕಡೆ ಹೋತು ಅಂದ್ರೆ ಕಣ್ಣು ಗಟ್ಟಿ ಮುಚ್ಕೋ. ಸದ್ದು ನಿಲ್ಲೋ ತನಕ ಬಿಚ್ಚಬ್ಯಾಡ."

"ಹಿಂಗಾ ಅಬ್ಬಾ?" ಎಂದು ಅರ್ಬಾಜ್ ಗಾದಿ ಹಿಡಿದು ಕಣ್ಣು ಮುಚ್ಚಿ ತೋರಿಸಿದ. ಚಿಕ್ಕಂದಿನಲ್ಲಿ ಔಷಧಿ ಕುಡಿಸುವಾಗಲೂ ಹೀಗೇ ಮುಖ ಹಿಂಡುತ್ತಿದ್ದ.

"ಶಾಭಾಷ್. ಹಂಗೇ."

ಭಾನುವಾರ ಹರಿಹರದ ಶಾಲೆಯೊಂದರಲ್ಲಿ ಉಚಿತ ಕಣ್ಣು ತಪಾಸಣೆ ಇತ್ತು. ಮಕ್ತುಮ್ ಸಾಬ ಮುದುಕರ ಸಾಲಿನಲ್ಲಿ ಕೂತ. ಸರ್ಕಾರಿ ಆಸ್ಪತ್ರೆಯ ಕಣ್ಣಿನ ಡಾಕ್ಟರು ಮೀನಾಕ್ಷಿ ಅವನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ನೋಡಿದರು. ಮತ್ತೊಮ್ಮೆ ನೋಡಿದರು.

"ಏನು ಕೆಲಸ ಮಾಡ್ತೀರಿ?"

"ಕಾಲು ಹಿಡಿಯೋದ್ರಿ ಮೇಡಂ. ಮೂಳೆ ಆಸ್ಪತ್ರೆಯಾಗೆ."

"ಎಕ್ಸ್-ರೇ ನಡೆಯುವಾಗ ಪಕ್ಕದಲ್ಲೇ ನಿಲ್ತೀರಾ? ಕನ್ನಡಕ ಏನಾದ್ರೂ ಕೊಟ್ಟಿದಾರಾ?"

"ಡಾಕ್ಟ್ರಿಗೆ ಐತ್ರಿ."

ಅವರು ಪೆನ್ನು ಕೆಳಗಿಟ್ಟರು. "ವಯಸ್ಸಿಗೆ ಬರೋ ಪೊರೆ ಸಾಮಾನ್ಯವಾಗಿ ಹಿಂಗಿರಲ್ಲ. ನಿಮ್ಮದು ಕಣ್ಣಿನ ಮಸೂರದ ಹಿಂಭಾಗದಲ್ಲಿ, ನಟ್ಟನಡುವೆ ಕೂತಿದೆ. ಎಕ್ಸ್-ರೇ ಹತ್ರ ತುಂಬಾ ವರ್ಷ ನಿಂತವರಿಗೆ ಹಿಂಗೆ ಬರುತ್ತೆ. ಎರಡೂ ಕಣ್ಣಿಗೆ ಬಂದಿದೆ. ಆಪರೇಷನ್ ಮಾಡಿದ್ರೆ ಕಾಣುತ್ತೆ, ಸರದಿ ಬರೋ ತನಕ ಕಾಯ್ಬೇಕು. ಆದ್ರೆ ಆ ಜಾಗದಲ್ಲಿ ಬರಿಗಣ್ಣಲ್ಲಿ ಇನ್ನು ನಿಲ್ಲಬೇಡಿ."

"ಆದ್ರೆ ಮೇಡಂ, ನಾನು ಕಣ್ಣು ಮುಚ್ಕೊಂಡಿರ್ತಿದ್ದೆ. ಒಂದು ಸಲನೂ ತೆರೆದಿಲ್ರಿ. ಅಲ್ಲಾನ ಆಣೆ."

ಡಾಕ್ಟರ್ ಮೀನಾಕ್ಷಿ ಯಂತ್ರವನ್ನು ಪಕ್ಕಕ್ಕೆ ಸರಿಸಿದರು. ಹೇಳಲು ಅವರಿಗೇ ಕಷ್ಟವಾದಂತಿತ್ತು.

"ಮಾಂಸ ದಾಟಿ ಮೂಳೆ ತನಕ ಹೋಗೋದು ರೆಪ್ಪೆಗೆ ನಿಲ್ಲುತ್ತೇನ್ರಿ?"

ಅಷ್ಟೇ. ಎಷ್ಟು ಸಣ್ಣ ಮಾತು. ಪರದೆಯ ಮೇಲೆ ತನ್ನದೇ ಬೆರಳಿನ ಮೂಳೆ ನೋಡಿದವನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೇಳಬೇಕಾದವರು ನಗುತ್ತಾ ನಿಂತಿದ್ದರು.

"ಇದು ಕೆಲಸದಿಂದಲೇ ಆಗಿದ್ದು ಅಂತ ಬರೆದು ಕೊಡ್ರಿ ಮೇಡಂ" ಎಂದು ಬೇಡಿಕೊಂಡ.

"ಇರಬಹುದು ಅಂತ ಬರೀಬಹುದು. ಇದರಿಂದಲೇ ಅಂತ ನನ್ನ ಕೈಲಿ ಬರೆಯಕ್ಕೆ ಆಗಲ್ಲ." ಅವರ ದನಿ ತಗ್ಗಿತ್ತು. ಹಿಂದೆ ನಿಂತ ಮುದುಕ ಮುಂದಕ್ಕೆ ತಳ್ಳಿದ.

ಮನೆಗೆ ಬಂದವನು ಗೋಡೆಗೆ ಒರಗಿಸಿಟ್ಟಿದ್ದ ಗಾದಿಯ ಸುರುಳಿಯನ್ನು ಒದ್ದ. ಹಗ್ಗ ಬಿಚ್ಚಿಕೊಂಡು ಅದು ನೆಲದ ಮೇಲೆ ಹರಡಿಕೊಂಡಿತು. ಅದರ ಮೇಲೆ ಕೂತು ಅತ್ತ. ಫಕ್ರುನ್ನೀಸಾ ಎಲ್ಲ ಕೇಳಿಸಿಕೊಂಡಳು.

"ಹುಡುಗನ್ನ ಕಳಿಸಂಗಿಲ್ಲ" ಎಂದ.

"ಕಳಿಸದೆ ಏನು ತಿನ್ನೋದು ಹೇಳ್ರಿ? ನಿಮಗೆ ದಬ್ಬಣ ಕಾಣಲ್ಲ. ಅವನಿಗೆ ಫ್ಯಾಕ್ಟರಿಯೋರು ಕರೆಯಲ್ಲ." ಅವಳೂ ಅಳುತ್ತಿದ್ದಳು. "ಹೋಗಿ ಕೇಳ್ರಿ. ಹುಡುಗನಿಗೆ ಆ ಕನ್ನಡಕ, ಆ ಅಂಗಿ ಕೊಡ್ರಿ ಅನ್ರಿ. ದೇವರಂಥ ಮನುಷ್ಯ ಅಂತ ನೀವೇ ಅಂತಿದ್ರಲ್ಲ. ಕೊಡ್ತಾರೆ."

ಕೊಡುತ್ತಾರೆ ಎಂದು ಅವನೂ ನಂಬಿದ. ನಂಬದೆ ಬೇರೆ ದಾರಿಯಿರಲಿಲ್ಲ.

ಸೋಮವಾರ ತಂದೆ ಮಗ ಇಬ್ಬರೂ ದಾವಣಗೆರೆಗೆ ಬಂದರು. ಡಾಕ್ಟರು ಇನ್ನೂ ಬಂದಿಲ್ಲ ಎಂದು ವಾಚ್‌ಮನ್ ಹೇಳಿದ. ಮಕ್ತುಮ್ ಸಾಬ ಡಾಕ್ಟರ ಕೋಣೆಯ ಮುಂದೆ ಕಾದು ಕೂತ. ಎದುರಿನ ಕಿಟಕಿಯ ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಯಾರ್ಯಾರೋ ಓಡಾಡಿದರು, ಎಲ್ಲರೂ ಬಿಳಿ ನೆರಳುಗಳು. ಅರ್ಬಾಜ್ ಪಕ್ಕದಲ್ಲೇ ಇದ್ದಾನೆ ಎಂದುಕೊಂಡಿದ್ದ. ಕೈ ಚಾಚಿದರೆ ಬೆಂಚು ಖಾಲಿ.

"ಪೂಜಮ್ಮಾ, ನಮ್ಮ ಹುಡುಗ ಎಲ್ಲಿ?"

"ಸರ್ ಹಿಂದಿನ ಬಾಗಿಲಿಂದ ಬಂದ್ರು ಮಕ್ತುಮಣ್ಣ. ಅರ್ಜೆಂಟ್ ಕೇಸು. ಅವನನ್ನ ಒಳಗೆ ಕರ್ಕೊಂಡ್ರು."

ಅವನು ಎದ್ದು ಓಡಿದ. ಗೋಡೆ ಸವರಿಕೊಂಡು ಓಡಿದ. ಆಪರೇಷನ್ ಕೋಣೆಯ ಬಾಗಿಲು ತಳ್ಳಿದಾಗ ಪೀಂ ಎನ್ನುತ್ತಿತ್ತು. ದೊಡ್ಡ ದೀಪವನ್ನು ಪಕ್ಕಕ್ಕೆ ತಿರುಗಿಸಿದ್ದರು. ಮಬ್ಬಿನಲ್ಲಿ ಅವನಿಗೆ ಸ್ವಲ್ಪ ಕಂಡಿತು. ಕಾಣಬಾರದ್ದೇ ಕಂಡಿತು. ಮಗ ಸೊಂಟ ಹಿಂದಕ್ಕೆ ವಾಲಿಸಿ, ಮಂಡಿ ಬಗ್ಗಿಸಿ, ಯಾರದೋ ಕಾಲನ್ನು ಹೊಟ್ಟೆಗೆ ಆನಿಸಿಕೊಂಡು ನಿಂತಿದ್ದ. ಹೇಳಿಕೊಟ್ಟಂತೆಯೇ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಮಕ್ತುಮ್ ಸಾಬ ಮೇಜಿನ ಹತ್ತಿರ ಹೋಗಿ ಮಗನ ಕೈಗಳ ಮೇಲೆ ತನ್ನ ಕೈಯಿಟ್ಟ. "ಬಿಡಬ್ಯಾಡ. ಮೆಲ್ಲಗೆ ನನಗೆ ಕೊಡು."

"ಅಬ್ಬಾ?"

"ಕೊಡು. ಹೊರಗೆ ಹೋಗು."

ಕಾಲಿನ ಭಾರ ಅವನ ಕೈಗೆ ಬಂತು. ಅದರ ತೂಕ ಅವನ ಮೈಗೆ ಗೊತ್ತಿತ್ತು. ಅರ್ಬಾಜ್ ಬಾಗಿಲ ಹೊರಗೆ ಹೋದ ಸದ್ದು ಕೇಳಿದ ಮೇಲೆ ಬರಿಗಾಲು ಚಾಚಿ ನೆಲದ ಮೇಲಿನ ಪೆಡಲನ್ನು ಹುಡುಕಿದ. ಅದನ್ನು ತನ್ನ ಹಿಮ್ಮಡಿಯಿಂದ ಎಳೆದು ಬೆನ್ನ ಹಿಂದಕ್ಕೆ ತಳ್ಳಿದ.

"ಏನಲೇ ಇದು? ತಲೆ ಕೆಟ್ಟೈತಾ?" ಡಾಕ್ಟರ್ ಕೊಟ್ರೇಶ್ ಕೂಗಿದರು.

"ಒಂದು ಏಪ್ರನ್ ಕೊಡ್ರಿ ಸರ್. ಒಂದು ಕನ್ನಡಕ ಕೊಡ್ರಿ. ನಂಗಲ್ಲ. ನಂದು ಹೋತು. ಈ ಜಾಗದಾಗೆ ಯಾರು ನಿಂತ್ರೂ ಅವರಿಗೆ ಕೊಡ್ತೀನಿ ಅನ್ರಿ."

"ಪೇಷಂಟ್ ಮಲಗಿದಾನೆ, ಗೊತ್ತಾಗಲ್ವಾ ನಿಂಗೆ?"

"ಗೊತ್ತೈತ್ರಿ. ಅವನ ಕಾಲು ನನ್ನ ಕೈಯಾಗೈತೆ. ನಾನು ಬಿಡಂಗಿಲ್ಲ. ಸಂಜೆ ತನಕ ಬೇಕಾದ್ರೂ ಹಿಡೀತೀನಿ. ಪೆಡಲ್ ಮಾತ್ರ ಕೊಡಂಗಿಲ್ಲ."

"ಪೊಲೀಸರನ್ನ ಕರೆಸ್ತೀನಿ!"

"ಕರೆಸ್ರಿ. ಅವರ ಮುಂದೇನೇ ಕೇಳ್ತೀನಿ." ಕಾಲನ್ನು ಹೊಟ್ಟೆಗೆ ಇನ್ನಷ್ಟು ಆನಿಸಿಕೊಂಡ. "ನಾನು ಕಣ್ಣು ಮುಚ್ಕೋತಿದ್ದೆ. ನೀವು ದಿನಾ ನೋಡಿದ್ರಿ. ಮುಚ್ಚಿದ್ರೆ ಉಪಯೋಗ ಇಲ್ಲಲೇ ಹುಚ್ಚ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು? ನಗ್ತಿದ್ರಿ. ನಮಾಜು ಅಂತಿದ್ರಿ. ನಾನು ಅದನ್ನೇ ನನ್ನ ಮಗನಿಗೆ ಕಲಿಸಿದೆ."

ಮೇಜಿನ ಮೇಲೆ ಮಲಗಿದ್ದವನು ಕುಕ್ಕುವಾಡದ ಅಜ್ಜಪ್ಪ, ಟ್ರ್ಯಾಕ್ಟರಿನಿಂದ ಬಿದ್ದು ತೊಡೆ ಮುರಿದುಕೊಂಡವನು. ಸೊಂಟದ ಕೆಳಗೆ ಮಾತ್ರ ಮರಗಟ್ಟಿತ್ತು, ಎಚ್ಚರವಿದ್ದ. ಬಟ್ಟೆಯ ಪರದೆಯ ಆಚೆಯಿಂದ ಅವನ ದನಿ ಬಂತು. "ಡಾಕ್ಟ್ರೇ, ಅವರು ಕೇಳಿದ್ದು ಕೊಟ್ಟುಬಿಡ್ರೀ. ನನ್ನ ಕಾಲು ಅವರ ಕೈಯಾಗೈತೆ."

ಯಜಮಾನರು ಅಲ್ಲಾಡಲಿಲ್ಲ. ಅರಿವಳಿಕೆ ಡಾಕ್ಟರು ಯಾರ ಮುಖವನ್ನೂ ನೋಡದೆ ತಮ್ಮ ಏಪ್ರನ್ ಕಳಚಿ ಮಕ್ತುಮ್ ಸಾಬನ ಹೆಗಲಿಗೆ ಹಾಕಿ, ಬೆನ್ನ ಹಿಂದೆ ನಿಂತು ಪಟ್ಟಿ ಬಿಗಿದರು. ಆಮೇಲೆ ಬಾಗಿಲ ಹಿಂದೆ ಸರಿದು ನಿಂತರು. ಕನ್ನಡಕವನ್ನು ಯಾರೂ ಕೊಡಲಿಲ್ಲ.

ಮಕ್ತುಮ್ ಸಾಬ ಪೆಡಲನ್ನು ಮುಂದಕ್ಕೆ ತಳ್ಳಿದ. ಅಜ್ಜಪ್ಪನ ಕಾಲು ಬಡವನ ಕಾಲು, ಅದನ್ನು ಕೆಡಿಸಲು ಅವನಿಂದ ಆಗಲಿಲ್ಲ. ರಾಡು ಇಳಿಯುವ ತನಕ ಹಿಡಿದೇ ನಿಂತ. ಆ ದಿನ ಪೀಂ ಎಂದಾಗ ಕಣ್ಣು ಮುಚ್ಚಲಿಲ್ಲ. ದೊಡ್ಡ ದೀಪ ಮತ್ತೆ ಮೇಜಿನ ಕಡೆ ತಿರುಗಿತ್ತು, ತೆರೆದ ಕಣ್ಣಿಗೆ ಕಂಡದ್ದೂ ಬರೀ ಸುಣ್ಣದ ನೀರು.

ಹೊಲಿಗೆ ಹಾಕುವ ಮೊದಲೇ ವಾಚ್‌ಮನ್ ಬಂದು ರಟ್ಟೆ ಹಿಡಿದ. ಏಪ್ರನ್ ಬಿಚ್ಚಿಸಿಕೊಂಡು ಗೇಟಿನ ಹೊರಗೆ ಬಿಟ್ಟರು. ಊರಿನ ಬೇರೆ ಮೂಳೆ ಆಸ್ಪತ್ರೆಗಳಿಗೂ ಸುದ್ದಿ ಹೋಗಿತ್ತು, ಯಾರೂ ಒಳಗೆ ಸೇರಿಸಲಿಲ್ಲ. ಅರ್ಬಾಜ್ ಮತ್ತೆ ಫ್ಯಾಕ್ಟರಿ ಗೇಟು ಸುತ್ತತೊಡಗಿದ. ಫಕ್ರುನ್ನೀಸಾ ಮನೆಮನೆಗೆ ರೊಟ್ಟಿ ತಟ್ಟಲು ಹೋಗತೊಡಗಿದಳು. ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಣ್ಣಿನ ಆಪರೇಷನ್ನಿನ ಸರದಿ ಇನ್ನೂ ಬಂದಿರಲಿಲ್ಲ.

ಒಂದು ದಿನ ಪೂಜಾ ಫೋನು ಮಾಡಿದಳು. "ಹೊಸಬ ಬಂದಿದಾನೆ ಮಕ್ತುಮಣ್ಣ. ಕಡರನಾಯಕನಹಳ್ಳಿಯ ಮಾಳಿಂಗಪ್ಪ ಅಂತ. ಏಪ್ರನ್ ಕೊಟ್ಟಿಲ್ಲ. ಕಣ್ಣು ಮುಚ್ಕೋ, ಮೊದಲಿನವನೂ ಹಂಗೇ ಮಾಡ್ತಿದ್ದ ಅಂತ ಸರ್ರೇ ಹೇಳಿಕೊಟ್ರು."

ಮಕ್ತುಮ್ ಸಾಬ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದ. ಆಸ್ಪತ್ರೆಯ ಹಿಂದಿನ ಗೇಟಿನ ಎದುರು ಕಲ್ಲೊಂದರ ಮೇಲೆ ಕೂತ. ಬಿಸಿಲಿನಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಅದಕ್ಕೆ ಒಳಗೆ ಹೋಗುವ ಪ್ರತಿಯೊಬ್ಬರಿಗೂ ಹೇಳಿದ. "ಕಣ್ಣು ಮುಚ್ಚಿದ್ರೆ ಅದು ನಿಲ್ಲಂಗಿಲ್ಲ." ಹಾಲಿನವನಿಗೆ ಹೇಳಿದ, ಕಸ ಗುಡಿಸುವವಳಿಗೆ ಹೇಳಿದ, ಊರುಗೋಲು ಹಿಡಿದ ರೋಗಿಗೂ ಹೇಳಿದ. ಪಾಪ, ತಲೆ ಕೆಟ್ಟಿದೆ ಎಂದುಕೊಂಡು ಜನ ದಾಟಿ ಹೋದರು.

ಒಂದು ಜೊತೆ ಹೆಜ್ಜೆ ಮಾತ್ರ ನಿಂತಿತು. "ನನಗಾ ಹೇಳಿದ್ದು? ನಾನು ಮಾಳಿಂಗಪ್ಪ."

ಮಕ್ತುಮ್ ಸಾಬ ಎದ್ದು ಅವನ ಮುಂಗೈ ಹಿಡಿದುಕೊಂಡ. ದಪ್ಪ ಮುಂಗೈ. ಎಲ್ಲವನ್ನೂ ಹೇಳಿದ. ರೆಪ್ಪೆಯ ಮಾತು, ಸುಣ್ಣದ ನೀರಿನ ಮಾತು. "ಏಪ್ರನ್ ಕೇಳಪ್ಪಾ. ಕನ್ನಡಕ ಕೇಳು. ಕೊಡೋ ತನಕ ಕಾಲು ಎತ್ತಬ್ಯಾಡ."

"ಕೇಳಿದ್ದಕ್ಕೆ ನಿಂಗೇನು ಸಿಕ್ತಣ್ಣ?"

"ನನ್ನ ಮಗ ಹೊರಗೆ ಬಂದ."

ಮಾಳಿಂಗಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡ. "ನಂಗೂ ಮಗ ಅದಾನಣ್ಣ. ಅದಕ್ಕೇ ಒಳಗೆ ಹೋಗ್ತಿದೀನಿ."

ಹೆಜ್ಜೆ ಗೇಟು ದಾಟಿ ಒಳಗೆ ಹೋಯಿತು. ಮಕ್ತುಮ್ ಸಾಬನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಮತ್ತೆ ಕಲ್ಲಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಕಾರು ನಿಂತ ಸದ್ದಾಯಿತು. ಇನ್ನೊಂದು ಬಿಳಿ ನೆರಳು ಗೇಟಿನ ಕಡೆ ನಡೆದು ಬಂತು.

"ಕಣ್ಣು ಮುಚ್ಚಿದ್ರೆ ಅದು ನಿಲ್ಲಂಗಿಲ್ಲ" ಎಂದ, ಎಲ್ಲರಿಗೂ ಹೇಳಿದಂತೆ.

ನೆರಳು ನಿಂತಿತು. "ಗೊತ್ತೈತೆ ಸಾಬ್" ಎಂದಿತು ಡಾಕ್ಟರ್ ಕೊಟ್ರೇಶರ ದನಿ. "ನನಗೆ ಮೊದಲಿಂದಾನೂ ಗೊತ್ತೈತೆ. ಎದ್ದು ಮನೆಗೆ ಹೋಗು."

ಮಕ್ತುಮ್ ಸಾಬ ಏಳಲಿಲ್ಲ.